ಮಾತು ತಡವಾದ ಮಗುವೂ ಮನೆಮಾತೂ

ಹೊಸ ಪದವೊಂದು ನಮ್ಮ ಮನೆಗಳ ಮಾತುಕತೆಯೊಳಕ್ಕೆ ಬಂದು ಕೆಲವು ವರ್ಷಗಳಾದವು. ‘ಸ್ವಲೀನತೆ’ ಎಂಬುದು ಆ ಪದ. ಇಂಗ್ಲಿಷಿನವರು ‘ಆಟಿಸಂ’ ಎನ್ನುವುದಕ್ಕೆ ಪ್ರತಿಯಾಗಿ ಸಂಸ್ಕೃತದ ಶಬ್ದಗಳನ್ನು ಜೋಡಿಸಿ ಮಾಡಿದ್ದು. ‘ಸ್ವ’ ಎಂದರೆ ತಾನು. ‘ಲೀನ’ ಎಂದರೆ ಕರಗಿದುದು, ಅಡಗಿದುದು. ತನ್ನಲ್ಲಿಯೇ ತಾನು ಕರಗಿಹೋದವನ ಸ್ಥಿತಿ ಎಂದು ಅರ್ಥವಾಗುತ್ತದೆ. ಮೂಲದಲ್ಲಿಯೂ ಅರ್ಥ ಬೇರೆಯಲ್ಲ. ಗ್ರೀಕರ ‘ಆಟೋಸ್’ ಎಂದರೂ ‘ತಾನು’ ಎಂದೇ. ಸ್ವಿಟ್ಜರ್ಲೆಂಡಿನ ಮನೋವೈದ್ಯರಾದ ಬ್ಲಾಯ್ಲರ್ ಅವರು 1910ರ ಸುಮಾರಿಗೆ, ಹೊರಗಿನ ಜಗತ್ತಿನಿಂದ ಹಿಂದೆ ಸರಿದ ವಯಸ್ಕ ರೋಗಿಗಳನ್ನು ವರ್ಣಿಸುವುದಕ್ಕಾಗಿ ಆ ಪದವನ್ನು ಟಂಕಿಸಿದರು. ಅದು ಮಕ್ಕಳ ಮೇಲೆ ಬಂದು ಕೂತದ್ದು ಅನಂತರ.

ಪದವೇನೋ ಕಿವಿಗೆ ಇಂಪಾಗಿದೆ. ಧ್ಯಾನದಲ್ಲಿ ಕುಳಿತ ಯೋಗಿಗೆ ಅದು ಚೆನ್ನಾಗಿ ಒಪ್ಪೀತು. ಮಗುವಿಗೆ ಒಪ್ಪುತ್ತದೆಯೆ? ರಾಜಾಜಿನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಾದುದರಿಂದ, ಪದವನ್ನು ಒರೆಗೆ ಹಚ್ಚಿ ನೋಡದೆ ಬಿಡುವ ಅಭ್ಯಾಸ ನನಗಿಲ್ಲ. ಈ ಪದದ ತೊಡಕು ಇಷ್ಟು: ಮಗು ನಮಗೆ ಬೆನ್ನು ತಿರುಗಿಸಿ ತನ್ನೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಿದೆ ಎಂದು ಅದು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಬಾಗಿಲು ಹಾಕಿಕೊಂಡವನ ಮಾತಿಗೆ ಕಿವಿಗೊಡುವವರು ಯಾರು? ಆ ಮಗು ಏನಾದರೂ ನುಡಿದರೆ ‘ಸುಮ್ಮನೆ ಏನೋ ಹೇಳುತ್ತಾನೆ’ ಎಂದುಬಿಡುತ್ತೇವೆ. ಆದರೆ ಈ ಮಕ್ಕಳ ಚರಿತ್ರೆಯನ್ನು ಮೊದಲಿನಿಂದ ಓದಿಕೊಂಡು ಬಂದರೆ ಕಾಣುವುದೇ ಬೇರೆ.

ಇಂಥ ಮಕ್ಕಳನ್ನು ರಷ್ಯದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ 1925ರಲ್ಲಿಯೇ ವರ್ಣಿಸಿದ್ದರು. ಆದರೆ ಜಗತ್ತು ಗಮನಿಸಿದ್ದು 1943ರಲ್ಲಿ, ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಾಗ. ಆ ಹನ್ನೊಂದರಲ್ಲಿ ಎಂಟು ಮಕ್ಕಳು ಮಾತಾಡುತ್ತಿದ್ದವು, ಮೂರು ಆಡುತ್ತಿರಲಿಲ್ಲ. ಕ್ಯಾನರರ ಲೇಖನ ವೈದ್ಯಶಾಸ್ತ್ರದ್ದೇ ಆದರೂ ಅದರ ಪುಟಗಳಲ್ಲಿ ಭಾಷೆಯ ವಿಚಾರ ತುಂಬಿಕೊಂಡಿದೆ. ಮಕ್ಕಳು ಕೇಳಿದ ವಾಕ್ಯವನ್ನು ಹಾಗೆಯೇ ಮರಳಿ ನುಡಿಯುತ್ತಿದ್ದವು. ಕೆಲವೊಮ್ಮೆ ಆ ಗಳಿಗೆಯಲ್ಲಿ, ಕೆಲವೊಮ್ಮೆ ತಿಂಗಳುಗಳಾದ ಮೇಲೆ. ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುತ್ತಿದ್ದವು. ಒಂದು ಪದಕ್ಕೆ ಮೊದಲು ಕಲಿತ ಅರ್ಥವನ್ನು ಬಿಟ್ಟುಕೊಡುತ್ತಿರಲಿಲ್ಲ.

ಅವುಗಳಲ್ಲಿ ಒಬ್ಬ ಹುಡುಗನ ಪಾಲಿಗೆ ‘ಹೌದು’ ಎಂಬ ಪದದ ಅರ್ಥ ‘ನನ್ನನ್ನು ಹೆಗಲ ಮೇಲೆ ಕೂರಿಸಿಕೋ’ ಎಂದು. ಕಾರಣವಿಲ್ಲದೆ ಹಾಗಾದುದಲ್ಲ. ‘ಹೌದು’ ‘ಇಲ್ಲ’ಗಳನ್ನು ಕಲಿಸಲು ಹೊರಟ ತಂದೆ, ಹೆಗಲ ಮೇಲೆ ಕೂರಿಸಿಕೊಳ್ಳಲೇ ಎಂದು ಕೇಳಿ, ‘ಹೌದು’ ಎಂದಾಗ ಕೂರಿಸಿಕೊಂಡಿದ್ದರು. ಮಗು ಪಾಠವನ್ನು ಸರಿಯಾಗಿಯೇ ಕಲಿತಿತ್ತು; ನಾವು ಕಲಿಸಿದೆವೆಂದುಕೊಂಡ ಪಾಠ ಮಾತ್ರ ಬೇರೆ. ಇನ್ನೊಬ್ಬ ಹುಡುಗ, ಕೈಯಲ್ಲಿದ್ದುದನ್ನು ಎಸೆಯಬೇಕೆನಿಸಿದಾಗ, ನಾಯಿಯನ್ನು ಮಾಳಿಗೆಯ ಮೊಗಸಾಲೆಯಿಂದ ಕೆಳಗೆ ಎಸೆಯಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಲ್ಲಿ ನಾಯಿಯೂ ಇರಲಿಲ್ಲ, ಮೊಗಸಾಲೆಯೂ ಇರಲಿಲ್ಲ. ಕೇಳಿದವರಿಗೆ ಅದು ಅರ್ಥವಿಲ್ಲದ ಪ್ರಲಾಪ. ಆದರೆ ವರ್ಷಗಳ ಹಿಂದೆ, ಅವನು ಆಟದ ನಾಯಿಯನ್ನು ಮೇಲಿನಿಂದ ಎಸೆಯುತ್ತಿದ್ದಾಗ ಅವನ ತಾಯಿ ಆಡಿದ ಮಾತು ಅದು. ಆ ದಿನದಿಂದ ಎಸೆಯುವುದಕ್ಕೆ ಸಂಬಂಧಿಸಿದ ಎಲ್ಲ ನಿಷೇಧಕ್ಕೂ ಅದೇ ಮಾತು ಹೆಸರಾಯಿತು.

1946ರಲ್ಲಿ ಕ್ಯಾನರರು ಈ ವಿಷಯವನ್ನೇ ಕುರಿತು ಮತ್ತೊಂದು ಲೇಖನ ಬರೆದರು. ಈ ಮಕ್ಕಳ ಅಸಂಬದ್ಧವೆನಿಸುವ ಮಾತು ಅಸಂಬದ್ಧವಲ್ಲ. ಅದು ರೂಪಕದಂತೆ ಕೆಲಸಮಾಡುತ್ತದೆ. ಆದರೆ ರೂಪಕ ಹುಟ್ಟಿದ ಸಂದರ್ಭ ತಿಳಿಯದವರಿಗೆ ಅದು ತೆರೆದುಕೊಳ್ಳುವುದಿಲ್ಲ ಎಂಬುದು ಅದರ ಸಾರ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತಲ್ಲ. ಹಳಗನ್ನಡದ ಪದ್ಯವೊಂದು ಕಠಿನವಾದರೆ ನಾವು ಕವಿಯನ್ನು ಮೂಗನೆನ್ನುವುದಿಲ್ಲ. ಸಂದರ್ಭವನ್ನು ಹುಡುಕುತ್ತೇವೆ, ವ್ಯಾಖ್ಯಾನವನ್ನು ತೆರೆಯುತ್ತೇವೆ. ಮಗುವಿನ ಮಾತಿಗೆ ವ್ಯಾಖ್ಯಾನ ಬರೆಯಬಲ್ಲವರು ಅದರ ಜೊತೆಯಲ್ಲಿ ಬಾಳುವ ತಾಯಿ, ತಂದೆ, ಅಜ್ಜಿ, ಅಜ್ಜ. 1981ರಲ್ಲಿ ಬ್ಯಾರಿ ಪ್ರಿಜಾಂಟ್ ಮತ್ತು ಜೂಡಿತ್ ಡ್ಯೂಕನ್ ಎಂಬ ವಿದ್ವಾಂಸರು ಮಕ್ಕಳ ಇಂಥ ಮರುನುಡಿಗಳನ್ನು ಚಿತ್ರೀಕರಿಸಿ ಪರಿಶೀಲಿಸಿದಾಗ, ಅವುಗಳಲ್ಲಿ ಎಷ್ಟೋ ನುಡಿಗಳು ಕೇಳುವುದಕ್ಕೆ, ಒಪ್ಪುವುದಕ್ಕೆ, ಸರದಿ ಕಾಯುವುದಕ್ಕೆ, ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದಕ್ಕೆ ಬಳಕೆಯಾಗುತ್ತಿದ್ದುದು ಕಂಡುಬಂದಿತು. ಗಿಣಿಪಾಠವೆಂದು ಹಳಿದು ನಿಲ್ಲಿಸುವ ಪದ್ಧತಿ ಅಂದಿನಿಂದ ನಿಧಾನವಾಗಿ ಹಿಂದೆ ಸರಿಯಿತು.

ಇಷ್ಟನ್ನು ದೂರದೇಶದ ಸಂಗತಿಯೆಂದು ಬಿಡುವಂತಿಲ್ಲ. ನಮ್ಮ ಬೀದಿಯಲ್ಲಿಯೇ ಅದಕ್ಕೆ ನಿದರ್ಶನವಿದೆ. ನೆರೆಮನೆಯ ಏಳು ವರ್ಷದ ಹುಡುಗನೊಬ್ಬನಿಗೆ ನಮ್ಮ ಮೆಟ್ರೊ ರೈಲೆಂದರೆ ಪ್ರಾಣ. ವಿಜಯನಗರದ ಮಾರ್ಗದಲ್ಲಿ 2015ರಿಂದ ಈ ರೈಲು ಓಡುತ್ತಿದೆ. 2021ರಲ್ಲಿ ಅದು ಕೆಂಗೇರಿಯನ್ನು ಮುಟ್ಟಿತು. ಅತ್ತಿಗುಪ್ಪೆ, ದೀಪಾಂಜಲಿನಗರ, ಮೈಸೂರು ರಸ್ತೆ, ನಾಯಂಡಹಳ್ಳಿ ಎಂದು ನಿಲ್ದಾಣಗಳನ್ನು ಅವನು ವರಸೆ ತಪ್ಪದೆ ಹೇಳುತ್ತಾನೆ. ತನಗೆ ಬೇಕಾದುದನ್ನು ಕೇಳುವುದಕ್ಕೆ ಮಾತ್ರ ಅವನಿಗೆ ಪದ ದೊರೆಯುವುದು ಕಷ್ಟ. ಅವನು ದಿನಕ್ಕೆ ಹತ್ತಾರು ಬಾರಿ ‘ಮುಂದಿನ ನಿಲ್ದಾಣ’ ಎನ್ನುತ್ತಿದ್ದ. ರೈಲಿನ ಗೀಳು ಎಂದು ಎಲ್ಲರೂ ನಗುತ್ತಿದ್ದರು. ಅವನ ತಾಯಿ ಮಾತ್ರ ನಗದೆ ಗಮನಿಸಿದರು. ಊಟ ಮುಗಿದು ಏಳುವಾಗ, ಶಾಲೆಗೆ ಹೊರಡುವಾಗ, ಮನೆಗೆ ಯಾರಾದರೂ ಬಂದಾಗ, ಅಂದರೆ ಒಂದು ಸ್ಥಿತಿ ಮುಗಿದು ಇನ್ನೊಂದು ತೊಡಗುವಾಗಲೆಲ್ಲ ಆ ಮಾತು ಬರುತ್ತಿತ್ತು. ‘ಇದಾದ ಮೇಲೆ ಏನು?’ ಎಂಬುದು ಅವನ ಪ್ರಶ್ನೆ. ಈಗ ತಾಯಿ ‘ಮುಂದಿನ ನಿಲ್ದಾಣ ಸ್ನಾನ’ ಎನ್ನುತ್ತಾರೆ. ಹುಡುಗ ಸಮಾಧಾನದಿಂದ ಬಚ್ಚಲಿಗೆ ಹೋಗುತ್ತಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸ್ವಲೀನತೆ ಒಂದು ಬೇನೆಯಲ್ಲ, ಹಿಡಿದು ಬಿಡುವ ಜ್ವರವೂ ಅಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ವ್ಯತ್ಯಾಸ, ಬಾಳಿನುದ್ದಕ್ಕೂ ಇರುವಂಥದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 127 ಮಂದಿಗೆ ಒಬ್ಬರು ಹೀಗಿದ್ದಾರೆ. ಅವರೆಲ್ಲ ಒಂದೇ ಬಗೆಯವರೂ ಅಲ್ಲ. ಕೆಲವರು ನಿರರ್ಗಳವಾಗಿ ಮಾತಾಡುತ್ತಾರೆ, ಆದರೆ ಎದುರಿನವರ ಮಾತಿನ ಓರೆಯನ್ನು ಹಿಡಿಯುವುದು ಅವರಿಗೆ ಕಷ್ಟ. ಕೆಲವರು ಶಾಲೆಗೆ ಹೋಗುವ ವಯಸ್ಸಾದರೂ ನಾಲ್ಕಾರು ಪದಗಳಲ್ಲಿಯೇ ನಿಲ್ಲುತ್ತಾರೆ. ಕೆಲವರು ಬಾಯಿಂದ ಮಾತಾಡುವುದೇ ಇಲ್ಲ. ಆದುದರಿಂದ ‘ಸ್ವಲೀನರ ಭಾಷೆ’ ಎಂದು ಒಂದನ್ನು ಕಟ್ಟಿ ಹೇಳುವುದು ಸಾಧ್ಯವಿಲ್ಲ. ಆದರೆ ಅವರನ್ನು ಸುತ್ತುವರಿದ ಭಾಷೆಯ ವಿಚಾರವನ್ನು ಹೇಳಬಹುದು. ನಮ್ಮ ಪಾಲಿಗೆ ಅದು ಕನ್ನಡ.

ನಾವು ಆಡುವ ಕನ್ನಡವನ್ನು ಅಂಥ ಮಗುವಿನ ಕಿವಿಯಿಂದ ಒಮ್ಮೆ ಕೇಳಿ ನೋಡೋಣ. ಮನೆಗೆ ಬಂದ ನೆಂಟರು ಎದ್ದು ಚಪ್ಪಲಿ ಮೆಟ್ಟಿಕೊಂಡು ‘ಬರ್ತೀನಿ’ ಎನ್ನುತ್ತಾರೆ. ಎಂದು ಹೊರಟೇ ಹೋಗುತ್ತಾರೆ. ಹೋಗುವವನು ‘ಹೋಗುತ್ತೇನೆ’ ಎನ್ನುವುದು ನಮ್ಮಲ್ಲಿ ಅಪಶಕುನ. ಆದರೆ ಮಾತನ್ನು ಮಾತಾಗಿಯೇ ಹಿಡಿಯುವ ಮಗು, ಬರುತ್ತೇನೆಂದವರು ಬರಲಿಲ್ಲವಲ್ಲ ಎಂದು ಬಾಗಿಲಲ್ಲಿ ನಿಂತರೆ ತಪ್ಪು ಯಾರದು? ಮೂರು ವರ್ಷದ ಗಂಡುಮಗುವನ್ನು ‘ಬಾಪ್ಪಾ’ ಎನ್ನುತ್ತೇವೆ, ಹೆಣ್ಣುಮಗುವನ್ನು ‘ಬಾಮ್ಮಾ’ ಎನ್ನುತ್ತೇವೆ. ಅಪ್ಪನೂ ಅಮ್ಮನೂ ಅಲ್ಲಿಯೇ ಬೇರೆ ಕುಳಿತಿರುತ್ತಾರೆ. ತಾಯಿ ತನ್ನನ್ನು ತಾನೇ ‘ಅಮ್ಮ ಕೊಡ್ತಾಳೆ, ಬಾ’ ಎಂದು ಪ್ರಥಮ ಪುರುಷದಲ್ಲಿ ಹೇಳಿಕೊಳ್ಳುತ್ತಾಳೆ. ಒಬ್ಬರೇ ಒಮ್ಮೆ ‘ನೀನು’, ಇನ್ನೊಮ್ಮೆ ‘ನೀವು’ ಆಗುತ್ತಾರೆ. ‘ತಲೆ ತಿನ್ನಬೇಡ’, ‘ಕಣ್ಣು ಹಾಯಿಸು’, ‘ಕಿವಿಯ ಮೇಲೆ ಹಾಕಿಕೋ’ ಎಂಬ ನುಡಿಗಟ್ಟುಗಳನ್ನು ಅಕ್ಷರಶಃ ತೆಗೆದುಕೊಂಡರೆ ಮನೆಯಲ್ಲಿ ಇರುವುದೇ ಭಯಂಕರ. ನಾವು ಇವನ್ನೆಲ್ಲ ಯೋಚಿಸದೆಯೇ ದಾಟುತ್ತೇವೆ. ಆ ಮಗು ಒಂದೊಂದನ್ನೂ ಹೊತ್ತುಕೊಂಡು ದಾಟಬೇಕು.

‘ನಾನು-ನೀನು’ಗಳ ಅದಲುಬದಲು ಕನ್ನಡದಲ್ಲಿ ಕಾಣಿಸಿಕೊಳ್ಳುವ ಜಾಗವೂ ಬೇರೆ. ಇಂಗ್ಲಿಷಿನಲ್ಲಿ ಸರ್ವನಾಮವನ್ನು ಬಾಯಿಬಿಟ್ಟು ಹೇಳಲೇಬೇಕು. ಕನ್ನಡದಲ್ಲಿ ಅದನ್ನು ಬಿಟ್ಟರೂ ಕ್ರಿಯಾಪದದ ಬಾಲ ಸಾಕ್ಷಿ ನುಡಿಯುತ್ತದೆ. ‘ಹಾಲು ಕುಡೀತೀಯಾ?’ ಎಂದು ಕೇಳಿ ಕೇಳಿ ಹಾಲು ಕುಡಿದ ಮಗು, ತನಗೆ ಹಾಲು ಬೇಕಾದಾಗ ‘ಹಾಲು ಕುಡೀತೀಯಾ’ ಎಂದೇ ಬಂದು ನಿಲ್ಲುತ್ತದೆ. ಅದು ನಮಗೆ ಹಾಲು ನೀಡಲು ಬಂದುದಲ್ಲ. ಇಂಗ್ಲಿಷ್ ಪುಸ್ತಕವನ್ನಷ್ಟೇ ಓದಿ ಸರ್ವನಾಮಕ್ಕಾಗಿ ಕಾದು ಕೂತವರಿಗೆ ಇದು ಕಾಣದೆ ಹೋಗಬಹುದು. ಇನ್ನೊಂದು ಕಡೆ, ಕನ್ನಡ ಇಂಥ ಮಗುವಿಗೆ ಒಂದು ದೊಡ್ಡ ಅನುಕೂಲವನ್ನೂ ಇಟ್ಟುಕೊಂಡಿದೆ. ‘ಬೇಕು’, ‘ಬೇಡ’, ‘ಸಾಕು’ ಎಂಬ ಮೂರು ಪದಗಳಿಗೆ ಪುರುಷಭೇದವಿಲ್ಲ. ನನಗೂ ಬೇಕು, ನಿನಗೂ ಬೇಕು, ಅವನಿಗೂ ಬೇಕು, ಪದ ಬದಲಾಗುವುದಿಲ್ಲ. ನಾನು ಯಾರು ನೀನು ಯಾರು ಎಂಬ ಗೊಂದಲಕ್ಕೆ ಇಳಿಯದೆಯೇ ಮಗು ಈ ಪದಗಳನ್ನು ಬಳಸಿ ತನ್ನ ಇಚ್ಛೆಯನ್ನು ವ್ಯಾಕರಣಶುದ್ಧವಾಗಿ ತಿಳಿಸಬಹುದು. ಮಾತು ಕಡಮೆಯಿರುವ ಮಗುವಿಗೆ ಮೊದಲು ಕಲಿಸತಕ್ಕ ಪದಗಳನ್ನು ನಮ್ಮ ಅಜ್ಜಿಯಂದಿರು ಬಹಳ ಕಾಲದಿಂದ ಬಾಯಲ್ಲಿಟ್ಟುಕೊಂಡಿದ್ದಾರೆ.

ಆ ಅಜ್ಜಿಯ ಬಾಯಿಯನ್ನೇ ಮುಚ್ಚಿಸುವ ಏರ್ಪಾಡು ನಮ್ಮ ಬಡಾವಣೆಗಳಲ್ಲಿ ನಡೆದಿದೆ. ಈ ಲೇಖನ ಬರೆಯಲು ಕಾರಣವೂ ಅದೇ.

ಅದೇ ನೆರೆಮನೆಯ ಹುಡುಗನಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಸಂಜೆ ಅವನ ತಾಯಿ ನನ್ನೊಡನೆ ಹೇಳಿದರು: “ಮೇಷ್ಟ್ರೆ, ಇವನಿಗೆ ಒಂದೇ ಭಾಷೆ ಇರಲಿ ಅಂದ್ರು. ಎರಡು ಭಾಷೆಯಿಂದ ಗೊಂದಲ ಆಗಿದೆಯಂತೆ. ಇಂಗ್ಲಿಷೇ ಇರಲಿ, ಸ್ಕೂಲಿಗೆ ಅದೇ ಬೇಕಲ್ಲ ಅಂದ್ರು.” ಹೇಳಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ, ಇದನ್ನೇ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಕೆಟ್ಟ ಉದ್ದೇಶದಿಂದಲೂ ಹೇಳುವುದಿಲ್ಲ. ಆ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ತಂದೆತಾಯಿಗಳಿಗೆ. ಅದೂ ಕಚೇರಿಯ ಇಂಗ್ಲಿಷ್. ಮಗುವನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. “ನಾನು ಬಾಯಿ ಬಿಟ್ಟರೆ ಮಗೂಗೆ ತೊಂದರೆಯಂತಪ್ಪ” ಎಂದು ಆಕೆ ಒಂದು ದಿನ ನನ್ನೊಡನೆ ಅಂದರು. ಆಮೇಲೆ ಸುಮಾರು ಒಂದು ವರ್ಷ ಆ ಮನೆಯ ಹಗಲು ಮೌನವಾಗಿತ್ತು. ಮಾತಿನ ಕೊರತೆಯಿದ್ದ ಮಗುವಿನ ಸುತ್ತಲಿನಿಂದ ಮಾತನ್ನೇ ತೆಗೆದಿಡಲಾಯಿತು.

ಎರಡು ಭಾಷೆ ಕೇಳಿದರೆ ಇಂಥ ಮಗುವಿಗೆ ಕೆಡುಕಾಗುತ್ತದೆ ಎಂಬುದು ಕೇಳಲು ನ್ಯಾಯವಾಗಿಯೇ ತೋರುತ್ತದೆ. ಒಂದು ಹೊರೆಯನ್ನೇ ಎತ್ತಲಾರದವನ ತಲೆಯ ಮೇಲೆ ಎರಡನ್ನು ಇಡುವುದೇ? ಆದರೆ ಭಾಷೆ ಮೂಟೆಯಲ್ಲ. ಇದನ್ನು ಅಳೆದು ನೋಡಿದವರಿದ್ದಾರೆ. ಕೆನಡದಲ್ಲಿ ಹ್ಯಾಂಬ್ಲಿ ಮತ್ತು ಫೊಂಬಾನ್ ಎಂಬಿಬ್ಬರು 2012ರಲ್ಲಿ ಸ್ವಲೀನತೆಯ 75 ಮಕ್ಕಳನ್ನು ಪರೀಕ್ಷಿಸಿದರು. ಒಂದೇ ಭಾಷೆ ಕೇಳಿ ಬೆಳೆದವರಿಗೂ ಎರಡು ಭಾಷೆ ಕೇಳಿ ಬೆಳೆದವರಿಗೂ ಮಾತಿನ ಬೆಳವಣಿಗೆಯಲ್ಲಿ, ಎರಡನೆಯವರು ಹಿಂದುಳಿದಿದ್ದಾರೆನ್ನುವಂಥ ಅಂತರ ಕಾಣಲಿಲ್ಲ. ಅದೇ ವರ್ಷ ಅದೇ ದೇಶದಲ್ಲಿ, ಮನೆಯಲ್ಲಿ ಚೀನೀ ಭಾಷೆ ಹೊರಗೆ ಇಂಗ್ಲಿಷ್ ಇದ್ದ ಮಕ್ಕಳನ್ನು ನೋಡಿದ ಇನ್ನೊಂದು ತಂಡಕ್ಕೂ ಹಿಂದುಳಿದುದು ಕಾಣಲಿಲ್ಲ. ಈ ಪರಿಶೀಲನೆಗಳು ಸಣ್ಣವು ಎಂಬುದು ನಿಜ. ಆದರೆ ಅನಂತರ ಬಂದ ಸಮೀಕ್ಷೆಗಳೂ ಇದೇ ದಿಕ್ಕಿನಲ್ಲಿವೆ. ಎರಡು ಭಾಷೆಯಿಂದ ಸ್ವಲೀನತೆ ಬರುವುದಿಲ್ಲ; ಒಂದನ್ನು ಕಿತ್ತುಕೊಂಡರೆ ಅದು ಹೋಗುವುದೂ ಇಲ್ಲ. ಬೆಂಗಳೂರಿನ ಪಶ್ಚಿಮದ ಬಡಾವಣೆಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಇಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವುದೇ ಸಾಮಾನ್ಯ. ಒಂದೇ ಭಾಷೆಯ ಮಗು ಎಂಬುದು ಇಲ್ಲಿ ಪುಸ್ತಕದಲ್ಲಿ ಮಾತ್ರ ಇರುವ ಪ್ರಾಣಿ.

ಹಿಂದೆ ಒಂದು ಕಾಲದಲ್ಲಿ, 1950-60ರ ದಶಕಗಳಲ್ಲಿ, ತಾಯಿಯ ಮನಸ್ಸು ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂದು ಪಾಶ್ಚಾತ್ಯ ವೈದ್ಯರಲ್ಲಿ ಹಲವರು ನಂಬಿದ್ದರು. ಎಷ್ಟೋ ತಾಯಂದಿರು ಆ ಸುಳ್ಳು ಆರೋಪವನ್ನು ಹೊತ್ತು ನವೆದರು. ಆ ಮಾತು ಬಿದ್ದುಹೋಯಿತು. ಈಗ ತಾಯಿಯ ಮನಸ್ಸಿನ ಬದಲು ತಾಯಿಯ ಭಾಷೆಯನ್ನು ಅಪರಾಧಿಯಾಗಿ ನಿಲ್ಲಿಸುವುದಾದರೆ, ನಾವು ಮುಂದೆ ಬಂದೆವೆಂದು ಹೇಗೆ ಹೇಳುವುದು?

ಇದಕ್ಕೆ ಒಂದು ಆಕ್ಷೇಪ ಬರುತ್ತದೆ; ಅದನ್ನು ತಳ್ಳಿಹಾಕುವಂತಿಲ್ಲ. ಎಷ್ಟೋ ಮನೆಗಳಲ್ಲಿ ಮಗು ತಾನೇ ಇಂಗ್ಲಿಷನ್ನು ಹಿಡಿದಿರುತ್ತದೆ. ಮನೆಯವರೆಲ್ಲ ಕನ್ನಡವಾಡಿದರೂ ಅದು ಬಣ್ಣಗಳನ್ನು, ಅಂಕಿಗಳನ್ನು, ಪ್ರಾಣಿಗಳನ್ನು ಇಂಗ್ಲಿಷಿನಲ್ಲಿ, ಅದೂ ಪರದೇಶದ ರಾಗದಲ್ಲಿ ಹೇಳುತ್ತದೆ. ‘ಅವನಿಗೆ ಅದೇ ಸುಲಭ, ನಾವೇಕೆ ಕನ್ನಡವನ್ನು ಹೇರಬೇಕು?’ ಎಂದು ತಂದೆತಾಯಿಗಳು ಕೇಳುತ್ತಾರೆ. ಇಂಥದೇ ಸಂಗತಿ ಬೇರೆ ದೇಶಗಳಲ್ಲಿಯೂ ಕಂಡಿದೆ. ಟ್ಯುನೀಸಿಯದಲ್ಲಿ ಜನ ಮನೆಯಲ್ಲಿ ಆಡುವ ಅರಬ್ಬೀ ಬೇರೆ, ಪುಸ್ತಕದ ಅರಬ್ಬೀ ಬೇರೆ. ಪುಸ್ತಕದ ಅರಬ್ಬಿಯನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಮಕ್ಕಳ ವ್ಯಂಗ್ಯಚಿತ್ರಗಳಲ್ಲಿ ಅದು ಕೇಳಿಸುತ್ತದೆ. ಅಲ್ಲಿನ ಸ್ವಲೀನತೆಯ ಕೆಲವು ಮಕ್ಕಳು ಆ ಗ್ರಂಥಸ್ಥ ಭಾಷೆಯಲ್ಲಿಯೇ ಮಾತಾಡುತ್ತಿದ್ದುದನ್ನು ಮಿಖಾಯಿಲ್ ಕಿಸೀನ್ ಮತ್ತು ಅವರ ಸಂಗಡಿಗರು 2019ರಲ್ಲಿ ವರದಿಮಾಡಿದರು. ಇಲ್ಲಿ ಒಂದು ಭಾಷೆ ಸುಲಭ, ಇನ್ನೊಂದು ಕಠಿನ ಎಂಬ ಪ್ರಶ್ನೆಯಿಲ್ಲ. ಪರದೆಯ ಮೇಲಿನ ಮಾತು ಪ್ರತಿ ಸಲವೂ ಅದೇ ಪದ, ಅದೇ ರಾಗ, ಅದೇ ವೇಗ; ಅದು ಎದುರಿಗೆ ನಿಂತು ಉತ್ತರವನ್ನು ಕೇಳುವುದಿಲ್ಲ. ನಮ್ಮ ಮಾತಾದರೋ ಪ್ರತಿ ಸಲವೂ ಬೇರೆ.

ಹಾಗಾದರೆ ಮಗು ತಾನಾಗಿ ಹಿಡಿದ ಇಂಗ್ಲಿಷನ್ನು ಕಸಿದುಕೊಳ್ಳಬೇಕೆ? ಖಂಡಿತ ಬೇಡ. ಅದು ಅವನು ಗಳಿಸಿದ ಆಸ್ತಿ. ಅದರಲ್ಲಿ ಅವನೊಡನೆ ಮಾತಾಡೋಣ. ಆದರೆ ಮನೆಯವರು ತಮ್ಮ ಭಾಷೆಯನ್ನು ಬಿಡಬೇಕಾಗಿಲ್ಲ. ಪರದೆಯ ಮಾತಿನಲ್ಲಿ ಯಾವ ಗುಣ ಮಗುವನ್ನು ಸೆಳೆಯಿತೋ ಆ ಗುಣ ಕನ್ನಡದಲ್ಲಿ ಇಲ್ಲವೆ? ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನೆನೆಸಿಕೊಳ್ಳಿ. ಬಾಗಿಲು ತಟ್ಟುವವಳ ಅದೇ ಮೊರೆ, ಒಳಗಿರುವವಳ ಅದೇ ನೆಪ, ಮತ್ತೆ ತಟ್ಟುವುದು, ಮತ್ತೆ ನೆಪ. ಅಜ್ಜಿ ಒಂದು ಪದವನ್ನು ಬದಲಿಸಿದರೂ ಯಾವ ಮಗುವೂ ಬಿಡುವುದಿಲ್ಲ. ನಮ್ಮ ಜನಪದ ಕಥೆ, ಶಿಶುಗೀತೆ, ಒಗಟುಗಳೆಲ್ಲ ಹೀಗೆ ಮರುಕಳಿಸುವ ಅಚ್ಚಿನಲ್ಲಿ ಎರಕಹೊಯ್ದವು. ಇವು ಚಿಕಿತ್ಸೆಯೆಂದು ನಾನು ಹೇಳುತ್ತಿಲ್ಲ. ಮರುನುಡಿಯನ್ನೇ ಮೆಟ್ಟಿಲಾಗಿ ಮಾಡಿಕೊಂಡ ಮಗುವಿಗೆ ಮೆಟ್ಟಿಲುಗಳು ಮನೆಯಲ್ಲಿಯೇ ಇವೆ ಎನ್ನುತ್ತಿದ್ದೇನೆ. ನಮ್ಮ ನೆರೆಮನೆಯ ತಾಯಿ, ಕನ್ನಡ ಬಲ್ಲ ಒಬ್ಬ ವಾಕ್ ಚಿಕಿತ್ಸಕಿ ದೊರೆತ ಮೇಲೆ, ಅತ್ತೆಯವರಿಗೆ ಮತ್ತೆ ಬಾಯಿ ಬಿಡಲು ಹೇಳಿದರು. ಪವಾಡವೇನೂ ನಡೆಯಲಿಲ್ಲ. ಅಜ್ಜಿ ಕಥೆಯ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದರೆ ಹುಡುಗ ಕೊನೆಯ ಪದವನ್ನು ಸೇರಿಸುತ್ತಾನೆ. ಅವರಿಬ್ಬರ ನಡುವೆ ಈಗ ಅಷ್ಟು ಮಾತಿದೆ. ಮೊದಲು ಅಷ್ಟೂ ಇರಲಿಲ್ಲ.

ಬಾಯಿಂದ ಮಾತು ಹೊರಡದ ಮಕ್ಕಳ ಸಂಗತಿ ಇನ್ನೂ ಸೂಕ್ಷ್ಮವಾದುದು. ಅವರ ವಿಷಯದಲ್ಲಿ ನಾಡಿನ ಹೆಸರು ಜಗತ್ತಿಗೆ ಕೇಳಿಸಿದ್ದೂ ಉಂಟು. ಟೀಟೋ ರಾಜರ್ಷಿ ಮುಖ್ಯೋಪಾಧ್ಯಾಯ ಎಂಬ ಬಂಗಾಳಿ ಮನೆಯ ಹುಡುಗ ತನ್ನ ಬಾಲ್ಯವನ್ನು ಮೈಸೂರು ಬೆಂಗಳೂರುಗಳಲ್ಲಿ ಕಳೆದವನು. ಅವನ ಮಾತು ತೀರ ಅಸ್ಪಷ್ಟ. ಆದರೆ ತಾಯಿ ಸೋಮಾ ಅಕ್ಷರದ ಹಲಗೆಯನ್ನು ಮುಂದಿಟ್ಟು, ಆಮೇಲೆ ಕೈಗೆ ಪೆನ್ಸಿಲು ಕೊಟ್ಟು ಕಲಿಸಿದರು. ಅವನು ಬಾಲಕನಾಗಿದ್ದಾಗ ಇಂಗ್ಲಿಷಿನಲ್ಲಿ ಬರೆದ ಗದ್ಯಪದ್ಯಗಳು 2000ದಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಬಂದವು. ಒಳಗೆ ಏನೂ ಇಲ್ಲವೆಂದು ಲೋಕ ಎಣಿಸುವ ಮಗುವಿನೊಳಗೆ ಏನಿದೆ ಎಂಬುದನ್ನು ಓದಿ ಜನ ಬೆರಗಾದರು. ತಾಯಿಮಕ್ಕಳು ಅನಂತರ ಅಮೆರಿಕಕ್ಕೆ ಹೋದರು. ತಾಯಿಯ ಬೋಧನಕ್ರಮ ಅಲ್ಲಿ ಹರಡಿತು. ಆದರೆ ಎಚ್ಚರವೂ ಅಗತ್ಯ. ಹಲಗೆಯನ್ನು ಹಿರಿಯರೊಬ್ಬರು ಹಿಡಿದು ಪ್ರೇರಿಸುವ ಈ ಕ್ರಮದಲ್ಲಿ ಮೂಡುವ ಮಾತು ಮಗುವಿನದೇ ಎಂಬುದು ಸಿದ್ಧವಾಗಿಲ್ಲವೆಂದು ಅಮೆರಿಕದ ವಾಕ್‌ಶ್ರವಣ ತಜ್ಞರ ಸಂಘ 2018ರಲ್ಲಿ ಅದರ ಬಳಕೆಯನ್ನು ಬೇಡವೆಂದಿತು. ಒಬ್ಬನ ಬರಹದಿಂದ ಎಲ್ಲರಿಗೂ ಒಂದೇ ಕೀಲಿಕೈ ದೊರೆಯಿತೆಂದು ತಿಳಿಯಬಾರದು. ಮಗುವಿಗೆ ಮಾತು ಕೊಡುವ ಆತುರದಲ್ಲಿ ನಮ್ಮ ಮಾತನ್ನು ಅದರ ಬಾಯಲ್ಲಿಡುವುದೂ ಮಗುವನ್ನು ಮೂಕವಾಗಿಸುವ ಇನ್ನೊಂದು ರೀತಿಯೇ.

ಪ್ರಮಾಣವಿರುವ ದಾರಿಗಳೂ ಇವೆ. ಚಿತ್ರದ ಚೀಟಿಯನ್ನು ಮಗು ತಾನೇ ಎತ್ತಿ ಕೊಡುವುದು, ತಾನೇ ಒತ್ತಿದಾಗ ಪದ ನುಡಿಯುವ ಯಂತ್ರ, ಕೈಸನ್ನೆ ಇವು ಅಂಥವು. ಇವನ್ನು ಕೊಟ್ಟರೆ ಮಗು ಮಾತಾಡುವುದನ್ನೇ ಬಿಟ್ಟೀತೆಂಬ ಅಂಜಿಕೆ ಮನೆಗಳಲ್ಲಿ ಬಹಳ. 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅದುವರೆಗಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಹಾಗೆ ಮಾತು ಕುಗ್ಗಿದ ನಿದರ್ಶನವಿಲ್ಲವೆಂದೂ ಹೆಚ್ಚಿನವರಲ್ಲಿ ಅಷ್ಟಿಷ್ಟು ವೃದ್ಧಿಯಾಯಿತೆಂದೂ ಹೇಳಿತು. ಆ ಚೀಟಿಯ ಕೆಳಗೆ ‘ವಾಟರ್’ ಎಂದಿರುವುದರ ಜೊತೆಗೆ ‘ನೀರು’ ಎಂದೂ ಇರಬಾರದೆ?

ಈ ಕೆಲಸಕ್ಕೆ ನಾಡಿನಲ್ಲಿ ನೆಲೆಯಿಲ್ಲವೆಂದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ; ಕನ್ನಡದ ಮಕ್ಕಳ ಮಾತನ್ನು ಕನ್ನಡದಲ್ಲಿಯೇ ಅಳೆಯುವ ಪರೀಕ್ಷೆಗಳನ್ನು ಅಲ್ಲಿನ ವಿದ್ವಾಂಸರು ಸಿದ್ಧಪಡಿಸಿದ್ದಾರೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು 2000ದಲ್ಲಿ ತೊಡಗಿಸಿದ ‘ಕಮ್ಯುನಿಕೇಷನ್ ಡೀಲ್’ ಎಂಬ ಕ್ರಮ, ಎಳೆಯ ಮಕ್ಕಳನ್ನು ಸಾಮಾನ್ಯ ಶಾಲೆಗೆ ಅಣಿಗೊಳಿಸುವ ಗುರಿಯಿಟ್ಟುಕೊಂಡು ಬೆಳೆಯಿತು. ಕಾನೂನೂ ಮುಂದೆ ಬಂದಿದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆ ಅದನ್ನು ಹೆಸರಿಸಿತು. 2016ರ ಕಾಯಿದೆ ಎಣಿಸಿದ 21 ಬಗೆಗಳಲ್ಲಿ ಅದು ಒಂದು. ಇಂಥ ಮಗುವಿಗೆ ಉಳಿದ ಮಕ್ಕಳೊಡನೆ ಕಲಿಯುವ ಹಕ್ಕಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ, ಸಾಧ್ಯವಾದಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಲಿ ಎನ್ನುತ್ತದೆ. ಈ ಎರಡನ್ನೂ ಒಟ್ಟಿಗೆ ಓದುವವರು ಮಾತ್ರ ಕಡಮೆ.

ಡೇಮಿಯನ್ ಮಿಲ್ಟನ್ ಎಂಬ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞರು, ಸ್ವತಃ ಸ್ವಲೀನತೆಯುಳ್ಳವರು, 2012ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಸ್ವಲೀನತೆಯವನು ನಮ್ಮನ್ನು ಅರಿಯಲಾರ ಎಂದು ನಾವು ಹೇಳುತ್ತೇವೆ. ನಾವೂ ಅವನನ್ನು ಅರಿಯಲಾರೆವು ಎಂಬುದನ್ನು ಹೇಳುವುದಿಲ್ಲ. ಇದು ಎರಡು ದಡಗಳ ನಡುವಿನ ತೊಡಕು, ಒಂದು ದಡದ ದೋಷವಲ್ಲ. ಉಪಾಧ್ಯಾಯರಾದವರಿಗೆ ಇದರಲ್ಲಿ ನೇರವಾದ ಪಾಠವಿದೆ. ತರಗತಿಯಲ್ಲಿ ಅಂಥ ಮಗು ಇದ್ದರೆ ನುಡಿಗಟ್ಟನ್ನು ಬಿಡಿಸಿ ಹೇಳಬೇಕು, ಒಂದು ಸಲಕ್ಕೆ ಒಂದು ಮಾತು ಹೇಳಿ, ಉತ್ತರಕ್ಕೆ ನಮ್ಮ ಅಭ್ಯಾಸಕ್ಕಿಂತ ತುಸು ಹೆಚ್ಚು ಹೊತ್ತು ಕಾಯಬೇಕು, ‘ಏಕೆ ಸುಮ್ಮನಿದ್ದೀಯೆ?’ ಎಂದು ಗದರುವ ಮೊದಲು, ಅದು ಆಗಲೇ ಏನನ್ನಾದರೂ ಹೇಳಿತೇ ಎಂದು ನೆನೆಸಿಕೊಳ್ಳಬೇಕು. ಇದರಿಂದ ಉಳಿದ ಮಕ್ಕಳಿಗೂ ನಷ್ಟವಿಲ್ಲ.

ಇನ್ನು ತಂದೆತಾಯಿಗಳಿಗೆ ಹೇಳಬೇಕಾದುದು ಒಂದೇ. ಇಂಗ್ಲಿಷ್ ಬೇಕಾದರೆ ಕಲಿಸಿ. ಈ ಊರಿನಲ್ಲಿ ಅದರ ಪ್ರಯೋಜನವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಒಂದು ಭಾಷೆಯನ್ನು ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ, ಆ ಭಾಷೆಯಲ್ಲಿ ಮಗುವಿನೊಡನೆ ಮಾತಾಡುವವರು ಯಾರು ಯಾರು ಎಂದು ಮೊದಲು ಎಣಿಸಿ ನೋಡಿ. ಅಜ್ಜಿ, ಅಜ್ಜ, ಹೂ ಮಾರುವಾಕೆ, ಹಾಲಿನವನು, ಬೀದಿಯ ಮಕ್ಕಳು. ಮಾತು ತಡವಾದ ಮಗುವಿಗೆ ಹೇಗೂ ಜನ ಕಡಮೆ. ಅವರಲ್ಲಿ ಅರ್ಧವನ್ನು ನಾವಾಗಿ ಕಳೆಯಬಾರದು. ಶಾಲೆ ಹತ್ತು ಹನ್ನೆರಡು ವರ್ಷದ ಮಾತು. ಆಮೇಲೆಯೂ ಅವನು ರಾಜಾಜಿನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಬಾಳಬೇಕು. ಅಂಗಡಿಗೆ ಹೋಗಿ ‘ಇದು ಬೇಕು’ ಎನ್ನಬೇಕು. ಯಾರಾದರೂ ನೋಯಿಸಿದರೆ ‘ಬೇಡ’ ಎನ್ನಬೇಕು. ಆ ಎರಡು ಪದಗಳನ್ನು ಸುತ್ತಲಿನವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬಲ್ಲವನಾದರೆ ಅವನ ಬಾಳಿಗೆ ಅದು ಸಣ್ಣ ರಕ್ಷಣೆಯಲ್ಲ.